ಹೃದಯದೊಳಗೆ ನೋಡುವ ಕ್ಯಾಥೆಟರ್ ರೋಬೋಟ್ ಕೈಗೆ ಹೋದರೆ ಏನಾಗುತ್ತೆ?

2025ರ ಜನವರಿಯಲ್ಲಿ ಒಂದು ಸುದ್ದಿ ಬಂತು. ಗುರುಗ್ರಾಮದಲ್ಲಿ ಕೂತ ಸರ್ಜನ್, 286 ಕಿ.ಮೀ. ದೂರದ ಜೈಪುರದಲ್ಲಿ ಮಲಗಿದ್ದ ರೋಗಿಗೆ ರೋಬೋಟ್ ಮೂಲಕ ಹೃದಯದ ಶಸ್ತ್ರಚಿಕಿತ್ಸೆಯಲ್ಲಿ ಕೈಯಾಡಿಸಿದರು ಅಂತ. ಅದಕ್ಕೂ ಮುಂಚೆ, 2018ರ ಡಿಸೆಂಬರ್‌ನಲ್ಲಿ, ಗಾಂಧಿನಗರದ ಅಕ್ಷರಧಾಮ ದೇವಸ್ಥಾನದ ಆವರಣದಲ್ಲಿ ಕೂತು ಡಾ. ತೇಜಸ್ ಪಟೇಲ್ ಸುಮಾರು 32 ಕಿ.ಮೀ. ದೂರದ ಅಹಮದಾಬಾದಿನ ಆಸ್ಪತ್ರೆಯಲ್ಲಿದ್ದ ರೋಗಿಗಳಿಗೆ ಸ್ಟೆಂಟ್ ಹಾಕಿದ್ದರು. ಈಗ ಇನ್ನೊಂದು ಬಗೆಯ ಮಾತು ಶುರುವಾಗಿದೆ. ಹೃದಯದೊಳಗೆ ಹೋಗಿ ಅಲ್ಟ್ರಾಸೌಂಡ್ ಚಿತ್ರ ಕಳಿಸುವ ತೆಳು ಕೊಳವೆಯನ್ನು, ಅಂದರೆ ಕ್ಯಾಥೆಟರನ್ನು, ಡಾಕ್ಟರ ಬದಲು ರೋಬೋಟ್ ಹಿಡಿಯುತ್ತದೆ, ಬೇಕಾದ ಚಿತ್ರವನ್ನು ಎಐ ತಾನೇ ಹುಡುಕಿ ಕೊಡುತ್ತದೆ ಅನ್ನುವುದು ಆ ಮಾತು.

ಓದುವವರಿಗೆ ಇದೆಲ್ಲ ಒಂದೇ ಅನ್ನಿಸುತ್ತೆ. ರೋಬೋಟ್ ಹೃದಯ ಆಪರೇಷನ್ ಮಾಡುತ್ತಂತೆ, ಅಷ್ಟೇ ಅಲ್ವಾ? ಅಲ್ಲ.

ಮೂರು ರೋಬೋಟ್, ಮೂರು ಕೆಲಸ

ಜೈಪುರದ ಸುದ್ದಿಯಲ್ಲಿದ್ದದ್ದು ಶಸ್ತ್ರಚಿಕಿತ್ಸೆಯ ರೋಬೋಟ್. ಎದೆಯಲ್ಲಿ ಸಣ್ಣ ರಂಧ್ರ ಮಾಡಿ, ಉಪಕರಣ ಹಿಡಿದ ಲೋಹದ ಕೈಗಳನ್ನು ಒಳಗೆ ಬಿಡುತ್ತಾರೆ. ಅಹಮದಾಬಾದಿನದು ರಕ್ತನಾಳದೊಳಗೆ ತಂತಿ, ಬಲೂನು, ಸ್ಟೆಂಟ್ ತಳ್ಳುವ ರೋಬೋಟ್. ಎರಡೂ ಚಿಕಿತ್ಸೆ ಮಾಡುವ ಕೈಗಳು.

ಮೂರನೆಯದು ಚಿಕಿತ್ಸೆ ಮಾಡುವುದಿಲ್ಲ. ಚಿಕಿತ್ಸೆ ಮಾಡುವವರಿಗೆ ತೋರಿಸುತ್ತದೆ. ಅದು ಯಾವುದನ್ನೂ ಕತ್ತರಿಸುವುದಿಲ್ಲ, ಸುಡುವುದಿಲ್ಲ, ಹೊಲಿಯುವುದಿಲ್ಲ. ಹಾಗಾಗಿ ಅದರ ಲಾಭವನ್ನೂ ಅಪಾಯವನ್ನೂ ಬೇರೆ ಥರ ಅಳೆಯಬೇಕು. ಇದರ ಬಗ್ಗೆ ನಡೆಯುವ ಜಗಳದಲ್ಲಿ ಅರ್ಧಕ್ಕರ್ಧ, ಈ ವ್ಯತ್ಯಾಸ ಮರೆತಿದ್ದರಿಂದಲೇ ಹುಟ್ಟಿದ್ದು.

ಇನ್ನೊಂದು ಮಾತನ್ನೂ ಇಲ್ಲೇ ಹೇಳಿಬಿಡಬೇಕು. ಹಾರ್ಟ್ ಅಟ್ಯಾಕ್ ಆದಾಗ ಸ್ಟೆಂಟ್ ಹಾಕುವುದಕ್ಕೂ ಈ ಕ್ಯಾಥೆಟರಿಗೂ ಸಂಬಂಧವಿಲ್ಲ. ಸ್ಟೆಂಟ್ ಕೆಲಸ ನಡೆಯುವುದು ಹೃದಯದ ಮೇಲ್ಮೈಯಲ್ಲಿ ಹರಿಯುವ ರಕ್ತನಾಳಗಳಲ್ಲಿ. ನಾವು ಮಾತಾಡುತ್ತಿರುವ ಕ್ಯಾಥೆಟರ್ ಹೃದಯದ ಕೋಣೆಗಳ ಒಳಗೆ ಕೂರುತ್ತದೆ. ಹೃದಯದ ಬಡಿತ ತಪ್ಪುವ ಕಾಯಿಲೆ, ಕವಾಟದ ತೊಂದರೆ, ಕೋಣೆಗಳ ನಡುವಿನ ತೂತು ಮುಚ್ಚುವುದು, ಇಂಥ ಕಡೆ ಅದರ ಬಳಕೆ.

ಬಡಿಯುತ್ತಿರುವ ಹೃದಯದೊಳಗೆ ನೋಡುವುದು ಹೇಗೆ?

ಎದೆ ತೆರೆಯದೆ ಹೃದಯದೊಳಗೆ ಕೆಲಸ ಮಾಡುವಾಗ ಡಾಕ್ಟರಿಗೆ ನೇರವಾಗಿ ಏನೂ ಕಾಣುವುದಿಲ್ಲ. ಇರುವುದು ಮೂರು ದಾರಿ.

ಮೊದಲನೆಯದು ಎಕ್ಸ್-ರೇ. ಲೋಹದ ಉಪಕರಣಗಳು ಚೆನ್ನಾಗಿ ಕಾಣುತ್ತವೆ, ಆದರೆ ಹೃದಯದ ಗೋಡೆ, ಕವಾಟ ಕಾಣುವುದಿಲ್ಲ. ಜತೆಗೆ ವಿಕಿರಣ. ರೋಗಿಗೆ ಅದು ಒಂದು ಸಲ, ಡಾಕ್ಟರಿಗೆ, ಟೆಕ್ನೀಷಿಯನ್‌ಗೆ ದಿನವೂ. ಸೀಸದ ಏಪ್ರನ್ ತೊಟ್ಟು ಗಂಟೆಗಟ್ಟಲೆ ನಿಂತು ಬೆನ್ನು ಕೆಡಿಸಿಕೊಂಡ ಹೃದ್ರೋಗ ತಜ್ಞರು ಬೇಕಾದಷ್ಟು ಜನ ಇದ್ದಾರೆ.

ಎರಡನೆಯದು ಬಾಯಿಯಿಂದ ಅನ್ನನಾಳಕ್ಕೆ ಇಳಿಸುವ ಅಲ್ಟ್ರಾಸೌಂಡ್. ಡಾಕ್ಟರುಗಳ ಬಾಯಲ್ಲಿ ಅದು ಟಿಇಇ. ಅನ್ನನಾಳ ಹೃದಯದ ಎಡ ಮೇಲ್ಕೋಣೆಯ ಬೆನ್ನಿಗೇ ಇರುವುದರಿಂದ ಚಿತ್ರ ತುಂಬಾ ಚೆನ್ನಾಗಿ ಬರುತ್ತೆ. ಆದರೆ ಗಂಟಲಲ್ಲಿ ಕೊಳವೆ ಇಟ್ಟುಕೊಂಡು ತುಂಬಾ ಹೊತ್ತು ಎಚ್ಚರವಾಗಿ ಮಲಗುವುದು ಸುಲಭದ ಮಾತಲ್ಲ. ಹಾಗಾಗಿ ಉದ್ದದ ಕೇಸುಗಳಲ್ಲಿ ಪೂರ್ತಿ ಅರಿವಳಿಕೆ ಬೇಕು. ಅಂದರೆ ಅರಿವಳಿಕೆ ತಜ್ಞರು ಬೇಕು, ಚಿತ್ರ ನೋಡಿಕೊಳ್ಳಲು ಇನ್ನೊಬ್ಬ ಎಕೋ, ಅಂದರೆ ಹೃದಯದ ಅಲ್ಟ್ರಾಸೌಂಡ್, ತಜ್ಞರೂ ಬೇಕು.

ಮೂರನೆಯದೇ ನಮ್ಮ ವಿಷಯ. ಇಂಟ್ರಾಕಾರ್ಡಿಯಾಕ್ ಎಕೋ, ಚಿಕ್ಕದಾಗಿ ಐಸ್. ತೊಡೆಸಂದಿಯ ಅಭಿಧಮನಿಯಿಂದ ಸುಮಾರು 90 ಸೆಂ.ಮೀ. ಉದ್ದದ, ಮೂರು ಮಿಲಿಮೀಟರ್ ಆಸುಪಾಸು ದಪ್ಪದ ಕ್ಯಾಥೆಟರನ್ನು ಹೃದಯದ ಬಲ ಮೇಲ್ಕೋಣೆಗೆ, ಅಂದರೆ ಬಲ ಹೃತ್ಕರ್ಣಕ್ಕೆ ಕಳಿಸುತ್ತಾರೆ. ಅದರ ತುದಿಯಲ್ಲಿ ಪುಟಾಣಿ ಅಲ್ಟ್ರಾಸೌಂಡ್ ಪ್ರೋಬ್. ಪೂರ್ತಿ ಅರಿವಳಿಕೆ ಬೇಕೇ ಬೇಕು ಅಂತಿಲ್ಲ. ವಿಕಿರಣ ಇಲ್ಲ. ಹೃದಯದ ಸುತ್ತಲಿನ ಚೀಲದಲ್ಲಿ ರಕ್ತ ಸೋರಲು ಶುರುವಾದರೆ, ಬಿಪಿ ಕುಸಿಯುವ ಮೊದಲೇ ಪರದೆಯ ಮೇಲೆ ಕಾಣುತ್ತೆ. ಈ ಒಂದು ಕಾರಣಕ್ಕೇ ಎಷ್ಟೋ ತಜ್ಞರು ಇದನ್ನು ಬಿಡಲು ಒಪ್ಪುವುದಿಲ್ಲ.

ತಿರುವು ಚೂರು ಹೆಚ್ಚಾದರೆ ಚಿತ್ರವೇ ಬೇರೆ

ಮಾಮೂಲಿ ಐಸ್ ಕ್ಯಾಥೆಟರ್ ತೋರಿಸುವುದು ಬೀಸಣಿಗೆ ಆಕಾರದ ಒಂದು ತೆಳು ಸೀಳನ್ನು ಮಾತ್ರ. ಆ ಸೀಳಿನ ಆಚೆ ಈಚೆ ಇರುವುದು ಕಾಣುವುದಿಲ್ಲ.

ಡಾಕ್ಟರು ಶುರು ಮಾಡುವುದು 'ಹೋಮ್ ವ್ಯೂ' ಅನ್ನುವ ನೋಟದಿಂದ. ಕ್ಯಾಥೆಟರ್ ಬಲ ಹೃತ್ಕರ್ಣದ ನಡುವೆ ನೆಟ್ಟಗೆ ನಿಂತಿರುತ್ತದೆ. ಪರದೆಯ ಮೇಲೆ ಟ್ರೈಕಸ್ಪಿಡ್ ಕವಾಟ, ಅದರಾಚೆ ಬಲ ಕೆಳಕೋಣೆ. ಅಲ್ಲಿಂದ ಹಿಡಿಯನ್ನು ಗಡಿಯಾರದ ಮುಳ್ಳಿನ ದಿಕ್ಕಿಗೆ ಸ್ವಲ್ಪ ತಿರುಗಿಸಿದರೆ ಮಹಾಪಧಮನಿಯ ಕವಾಟ ಬರುತ್ತೆ. ಇನ್ನಷ್ಟು ತಿರುಗಿಸಿದರೆ ಮೈಟ್ರಲ್ ಕವಾಟ, ಎಡ ಹೃತ್ಕರ್ಣ, ಅದಕ್ಕೆ ಅಂಟಿಕೊಂಡ ಸಣ್ಣ ಚೀಲ. ಮತ್ತೂ ತಿರುಗಿಸಿದರೆ ಎಡ ಶ್ವಾಸಕೋಶದಿಂದ ಬರುವ ರಕ್ತನಾಳಗಳು, ಆಮೇಲೆ ಹಿಂದಿನ ಗೋಡೆ, ಕೊನೆಗೆ ಬಲ ಶ್ವಾಸಕೋಶದ ರಕ್ತನಾಳಗಳು. ಇಷ್ಟೂ ಒಂದೇ ಸುತ್ತಿನಲ್ಲಿ. ನೋಟದಿಂದ ನೋಟಕ್ಕೆ ಬೆರಳಿನ ಸಣ್ಣ ಚಲನೆಯಷ್ಟೇ ಅಂತರ.

ತಿರುಗಿಸುವುದರ ಜತೆ ಮುಂದೆ ತಳ್ಳಬಹುದು, ಹಿಂದೆ ಎಳೆಯಬಹುದು. ಹಿಡಿಯ ಮೇಲಿನ ಒಂದು ಗುಬುಟಿನಿಂದ ತುದಿಯನ್ನು ಹಿಂದೆ ಮುಂದೆ ಬಗ್ಗಿಸಬಹುದು, ಇನ್ನೊಂದರಿಂದ ಎಡಕ್ಕೆ ಬಲಕ್ಕೆ. ಒಟ್ಟು ನಾಲ್ಕು ಬಗೆಯ ಚಲನೆ. ಇವನ್ನು ಬೆರೆಸಿ ಬೇಕಾದ ಚಿತ್ರ ತರುವುದು ಕೈಗೆ ಹತ್ತಲು ಕಾಲ ಬೇಕು.

ಈಗ ತೊಂದರೆ ಏನು ನೋಡಿ. ಹೃದಯದ ಬಡಿತ ತಪ್ಪುವ ಏಟ್ರಿಯಲ್ ಫಿಬ್ರಿಲೇಷನ್ ಕಾಯಿಲೆಗೆ ಚಿಕಿತ್ಸೆ ಮಾಡುವ ಡಾಕ್ಟರಿಗೆ ಒಂದು ಕೈಯಲ್ಲಿ ಅಬ್ಲೇಷನ್ ಕ್ಯಾಥೆಟರ್, ಅಂದರೆ ತಪ್ಪು ಸಿಗ್ನಲ್ ಹುಟ್ಟುವ ಜಾಗವನ್ನು ಕೆಲಸ ಮಾಡದಂತೆ ಮಾಡುವ ಉಪಕರಣ. ಇನ್ನೊಂದು ಕೈಯಲ್ಲಿ ಅದರ ಹೊರ ಕೊಳವೆ. ಐಸ್ ಹಿಡಿಯಲು ಮೂರನೇ ಕೈ ಇಲ್ಲ. ಹಾಗಾಗಿ ಅದನ್ನು ರೋಗಿಯ ಕಾಲ ಮೇಲೆ, ಒದ್ದೆ ಬಟ್ಟೆ ಹೊದಿಸಿ ಇಡುತ್ತಾರೆ. ರೋಗಿ ಜೋರಾಗಿ ಉಸಿರೆಳೆದರೆ, ಪಕ್ಕದ ಕ್ಯಾಥೆಟರ್ ತಾಗಿದರೆ ಚಿತ್ರ ಜಾರುತ್ತೆ. ಆಗ ಕೈಯಲ್ಲಿದ್ದದ್ದನ್ನು ಬಿಟ್ಟು ಮತ್ತೆ ಐಸ್ ಹಿಡಿಯಬೇಕು. ಇಲ್ಲವೇ ಸಹಾಯಕರಿಗೆ "ಸ್ವಲ್ಪ ಕ್ಲಾಕ್, ಜಾಸ್ತಿ ಆಯ್ತು, ವಾಪಸ್ ಬನ್ನಿ" ಅಂತ ಹೇಳುತ್ತಾ ಇರಬೇಕು. ರೋಬೋಟ್ ಬೇಕು ಅನ್ನುವ ವಾದ ಹುಟ್ಟಿದ್ದೇ ಈ ಸಂಕಟದಿಂದ.

ಯಂತ್ರಕ್ಕೆ ಇದು ಯಾಕೆ ಕಷ್ಟ?

ಹಿಡಿಯನ್ನು ಮೋಟಾರಿಗೆ ಕಟ್ಟಿ, ಜಾಯ್‌ಸ್ಟಿಕ್ ಕೊಟ್ಟರೆ ಮುಗಿಯಿತಲ್ಲ ಅನ್ನಿಸಬಹುದು. ಅಷ್ಟು ಮಾತ್ರ ಮಾಡುವ ಯಂತ್ರ ಹೊಸದೇನಲ್ಲ. ಅಮೆರಿಕದ ಸ್ಟೀರಿಯೊಟ್ಯಾಕ್ಸಿಸ್ ಕಂಪನಿ ವಿ-ಸೋನೋ ಅನ್ನುವ ಇಂಥದ್ದೇ ಸಾಧನವನ್ನು 2010ರ ದಶಕದಲ್ಲೇ ತಂದಿತ್ತು. ಡಾಕ್ಟರು ಎಕ್ಸ್-ರೇಯಿಂದ ದೂರ, ಕಂಟ್ರೋಲ್ ರೂಮಿನಲ್ಲಿ ಕೂತೇ ಐಸ್ ಕ್ಯಾಥೆಟರನ್ನು ಆಡಿಸಬಹುದಿತ್ತು. ಆದರೆ ಅಲ್ಲೂ ಎಲ್ಲಿಗೆ ತಿರುಗಿಸಬೇಕು ಅನ್ನುವ ತೀರ್ಮಾನ ಮನುಷ್ಯನದೇ. ಕೈಗೆ ಬದಲು ಗುಂಡಿ, ಅಷ್ಟೇ.

"ಎಡ ಮೇಲ್ಕೋಣೆಯ ಚೀಲ ತೋರಿಸು" ಅಂದರೆ ತೋರಿಸುವ ಯಂತ್ರ ಬೇಕಾದರೆ ಕಥೆ ಬೇರೆ. ಕ್ಯಾಥೆಟರಿನ ತುದಿ ಬಗ್ಗುವುದು ಒಳಗಿರುವ ಸಣ್ಣ ತಂತಿಗಳನ್ನು ಎಳೆದಾಗ. ಹಳೇ ಬೈಕಿನ ಕ್ಲಚ್ ಕೇಬಲ್ ನೆನಪಿಸಿಕೊಳ್ಳಿ. ಲಿವರ್ ಒಂದಿಷ್ಟು ದೂರ ಸುಮ್ನೆ ಬರುತ್ತೆ, ಆಮೇಲೆ ತಟ್ಟನೆ ಹಿಡಿಯುತ್ತೆ. ಬಿಡುವಾಗ ಇನ್ನೊಂದು ಲೆಕ್ಕ. ಇಲ್ಲೂ ಹಾಗೇ. ಗುಬುಟನ್ನು ಇಷ್ಟು ತಿರುಗಿಸಿದರೆ ತುದಿ ಇಷ್ಟೇ ಬಗ್ಗುತ್ತದೆ ಅನ್ನುವ ಗ್ಯಾರಂಟಿ ಇಲ್ಲ. ಹೊರಗೆ ಹಿಡಿಯನ್ನು ತಿರುಗಿಸಿದಾಗ, ತಿರುವು 90 ಸೆಂ.ಮೀ. ದೂರದ ತುದಿಗೆ ಪೂರ್ತಿ ಮುಟ್ಟುವುದೂ ಇಲ್ಲ. ಸ್ವಲ್ಪ ದಾರಿಯಲ್ಲೇ ಸುತ್ತಿಕೊಂಡು ಕೂರುತ್ತದೆ. ಮನುಷ್ಯ ಇದನ್ನು ಪರದೆ ನೋಡುತ್ತಾ ಸರಿಮಾಡಿಕೊಳ್ಳುತ್ತಾನೆ. ಯಂತ್ರ ಅದನ್ನು ಲೆಕ್ಕ ಹಾಕಬೇಕು.

ಇದರ ಮೇಲೆ ಹೃದಯ ಬಡಿಯುತ್ತಿದೆ. ಉಸಿರಾಟಕ್ಕೆ ಇಡೀ ಹೃದಯವೇ ಮೇಲೆ ಕೆಳಗೆ ಹೋಗುತ್ತಿದೆ.

ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ರಾಬರ್ಟ್ ಹೋವ್ ಅವರ ಪ್ರಯೋಗಾಲಯ ಈ ಕಗ್ಗಂಟನ್ನು ವರ್ಷಗಟ್ಟಲೆ ಬಿಡಿಸಿದೆ. ಅವರು ಮಾಮೂಲಿ ಐಸ್ ಕ್ಯಾಥೆಟರಿನ ಹಿಡಿಯನ್ನೇ ಹಿಡಿದು ನಾಲ್ಕೂ ಚಲನೆ ಮಾಡುವ ರೋಬೋಟ್ ಕಟ್ಟಿದರು. ತುದಿ ಎಲ್ಲಿದೆ ಅನ್ನುವುದನ್ನು ವಿದ್ಯುತ್ಕಾಂತೀಯ ಸೆನ್ಸರ್ ಹೇಳುತ್ತದೆ. ಉಸಿರಾಟದ ಲಯವನ್ನು ಯಂತ್ರ ಕಲಿತು, ಅದಕ್ಕೆ ತಕ್ಕಂತೆ ತುದಿಯನ್ನು ಸರಿಸುತ್ತಾ ಹೋಗುತ್ತದೆ. ಹಂದಿಗಳ ಮೇಲೆ ಪ್ರಯೋಗವೂ ನಡೆದಿದೆ. ಚಿಕಿತ್ಸೆಯ ಕ್ಯಾಥೆಟರ್ ಎಲ್ಲಿ ಹೋದರೂ ಚಿತ್ರ ಅದರ ಹಿಂದೆಯೇ ಹೋಗಬೇಕು ಅನ್ನುವುದು ಅವರ ಗುರಿ.

ಸೀಮೆನ್ಸ್ ಹೆಲ್ತಿನೀರ್ಸ್ ಸಂಶೋಧಕರು 2020ರ ಹೊತ್ತಿಗೆ ಬೇರೆ ದಾರಿ ಹಿಡಿದರು. ಡಾಕ್ಟರು ಒಮ್ಮೆ ಕೈಯಿಂದಲೇ ಒಳ್ಳೆಯ ನೋಟ ಹುಡುಕಲಿ, ರೋಬೋಟ್ ಆ ಜಾಗ ನೆನಪಿಟ್ಟುಕೊಳ್ಳಲಿ, ಆಮೇಲೆ ಕೇಳಿದಾಗ ವಾಪಸ್ ಅಲ್ಲಿಗೇ ಹೋಗಲಿ. ಕೇಳಲು ಸಾದಾ ಅನ್ನಿಸುತ್ತೆ. ನನ್ನ ಲೆಕ್ಕದಲ್ಲಿ ಮೊದಲು ಆಸ್ಪತ್ರೆ ಮುಟ್ಟುವುದು ಇಂಥ ಸಾದಾ ಐಡಿಯಾವೇ.

ಬೇಕು ಅನ್ನುವವರು

ಪರವಾಗಿರುವವರ ಮಾತಿನಲ್ಲಿ ಹುರುಳಿದೆ. ಡಾಕ್ಟರ ಎರಡೂ ಕೈ ಚಿಕಿತ್ಸೆಗೆ ಸಿಗುತ್ತವೆ. ಚಿತ್ರ ಜಾರುವುದಿಲ್ಲ. ಎಕ್ಸ್-ರೇ ಕಡಿಮೆಯಾಗುತ್ತೆ. ಟಿಇಇ ಬಿಟ್ಟು ಐಸ್‌ಗೆ ಬಂದರೆ ಅರಿವಳಿಕೆಯ ತಂಡ ಪ್ರತಿ ಕೇಸಿಗೂ ಬೇಕಾಗುವುದಿಲ್ಲ.

ಅದಕ್ಕಿಂತ ದೊಡ್ಡ ವಾದ ಕಲಿಕೆಯದು. ಈಗ ಐಸ್ ಚೆನ್ನಾಗಿ ಬಳಸುವುದು ಅಭ್ಯಾಸ ಇರುವ ಕೆಲವೇ ಕೈಗಳು. ಯಂತ್ರ ನೋಟ ಹುಡುಕಿ ಕೊಟ್ಟರೆ ಮಿಕ್ಕವರೂ ಧೈರ್ಯ ಮಾಡುತ್ತಾರೆ. ಕವಾಟದ ಚಿಕಿತ್ಸೆಯಲ್ಲಿ ಇದು ಜಾಸ್ತಿ ಮುಖ್ಯ. 2024ರಲ್ಲಿ ಅಮೆರಿಕದ ಔಷಧ, ವೈದ್ಯಕೀಯ ಸಾಧನಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ ಟ್ರೈಕಸ್ಪಿಡ್ ಕವಾಟಕ್ಕೆ ಇವೋಕ್, ಟ್ರೈಕ್ಲಿಪ್ ಎಂಬ ಎರಡು ಸಾಧನಗಳಿಗೆ ಒಪ್ಪಿಗೆ ಕೊಟ್ಟಿತು. ಈ ಕವಾಟ ಅನ್ನನಾಳದಿಂದ ದೂರ ಇದೆ, ಟಿಇಇಗೆ ಎಷ್ಟೋ ಸಲ ಸರಿಯಾಗಿ ಸಿಗುವುದಿಲ್ಲ. ಐಸ್‌ಗೆ ಅದು ಎದುರಿಗೇ ಇದೆ.

ಬೇಡ ಅನ್ನುವವರು, ಅಥವಾ ಈಗಲೇ ಬೇಡ ಅನ್ನುವವರು

ಮೊದಲ ಆಕ್ಷೇಪ ಸ್ಪರ್ಶದ್ದು. ಐಸ್ ಕ್ಯಾಥೆಟರ್ ಗಡುಸು. ಅದರ ಮುಂದೆ ದಾರಿ ತೋರುವ ಮೆತ್ತನೆ ತಂತಿ ಇರುವುದಿಲ್ಲ. ತೊಡೆಯಿಂದ ಮೇಲೆ ಹೋಗುವಾಗ ಪಕ್ಕದ ಕವಲಿಗೆ ಹೊಕ್ಕರೆ ಕೈಗೆ ತಡೆ ಗೊತ್ತಾಗುತ್ತೆ, ಡಾಕ್ಟರು ನಿಲ್ಲಿಸುತ್ತಾರೆ. ಯಂತ್ರಕ್ಕೆ ಆ ತಡೆ ಗೊತ್ತಾಗಬೇಕಾದರೆ ಬಲ ಅಳೆಯುವ ಏರ್ಪಾಡು ಬೇಕು. ಹೃತ್ಕರ್ಣದ ಗೋಡೆ ತೆಳು. ಅಲ್ಲಿ ತಪ್ಪು ಒತ್ತಡಕ್ಕೆ ಕ್ಷಮೆ ಇಲ್ಲ.

ಎರಡನೆಯದು ಸಾಕ್ಷಿ. ರೋಬೋಟ್ ಐಸ್ ಹಿಡಿದಿದ್ದರಿಂದ ರೋಗಿಗಳಿಗೆ ತೊಡಕು ಕಡಿಮೆಯಾಯಿತು ಅನ್ನಲು ದೊಡ್ಡ ಪ್ರಯೋಗಗಳ ಬಲ ಈ ವಾದಕ್ಕೆ ಇನ್ನೂ ಸಿಕ್ಕಿಲ್ಲ. ಈವರೆಗಿನ ಮಾತು ಬಹುಪಾಲು ನಿಖರತೆ, ಸಮಯ, ವಿಕಿರಣದ ಬಗ್ಗೆ. ಮೂರೂ ಒಳ್ಳೆಯವೇ, ಆದರೆ ಮೊದಲ ಲಾಭ ಡಾಕ್ಟರಿಗೆ. ಅದರಲ್ಲಿ ತಪ್ಪೇನಿಲ್ಲ, ಡಾಕ್ಟರ ಬೆನ್ನೂ ಬೆನ್ನೇ. ಆದರೆ ಅದನ್ನು ರೋಗಿಯ ಲಾಭ ಅಂತ ಮಾರಬಾರದು.

ಮೂರನೆಯದು ನನಗೆ ಎಲ್ಲಕ್ಕಿಂತ ಗಟ್ಟಿ ಅನ್ನಿಸುವ ಪ್ರಶ್ನೆ. ಹೊಸ ಐಸ್ ಕ್ಯಾಥೆಟರುಗಳು ಒಂದೇ ಸೀಳು ತೋರಿಸುವುದಿಲ್ಲ, ಮೂರು ಆಯಾಮದ ಚಿತ್ರವನ್ನು ಬಡಿತದ ಜತೆಜತೆಗೇ ಕೊಡುತ್ತವೆ. ಕ್ಯಾಥೆಟರನ್ನು ಅಲುಗಾಡಿಸದೆ ಪರದೆಯ ಮೇಲೇ ನೋಟ ತಿರುಗಿಸಬಹುದು. ಹಾಗಾದರೆ ತಿರುಗಿಸುವ ರೋಬೋಟ್ ಯಾಕೆ? ರೋಬೋಟ್ ಪರ ಇರುವವರ ಉತ್ತರ ಇದು: ತುದಿ ಎಲ್ಲಿದೆಯೋ ಅಲ್ಲಿಂದಲೇ ನೋಡಬೇಕು, ದೂರ ಹೋದಷ್ಟೂ ಚಿತ್ರ ಮಸುಕು, ಆದ್ದರಿಂದ ತುದಿಯನ್ನು ಸರಿಯಾದ ಕಡೆ ಕೂರಿಸುವ ಕೆಲಸ ಉಳಿದೇ ಇರುತ್ತದೆ. ಇದು ನಿಜ. ಆದರೆ ಮೊದಲು ನಿಮಿಷಕ್ಕೊಮ್ಮೆ ಮಾಡಬೇಕಿದ್ದ ಕೆಲಸ ಈಗ ಕೇಸಿಗೆ ನಾಲ್ಕೈದು ಸಲ ಮಾಡಿದರೆ ಸಾಕಾದರೆ, ಅಷ್ಟಕ್ಕೆ ಒಂದು ಯಂತ್ರ ಕೊಳ್ಳುವ ಆಸ್ಪತ್ರೆ ಎಷ್ಟಿರುತ್ತವೆ?

ಕಂಪನಿಗಳ ಚರಿತ್ರೆಯೂ ಎಚ್ಚರ ಹೇಳುತ್ತೆ. ಕ್ಯಾಥೆಟರ್ ನಡೆಸುವ ಸೆನ್ಸೈ ರೋಬೋಟ್ ತಂದ ಹ್ಯಾನ್ಸನ್ ಮೆಡಿಕಲ್‌ಗೆ 2007ರಲ್ಲಿ ಎಫ್‌ಡಿಎ ಹಸಿರು ನಿಶಾನೆ ಸಿಕ್ಕಿತ್ತು. 2016ರಲ್ಲಿ ಅದು ಬೇರೆ ಕಂಪನಿಯ ಪಾಲಾಯಿತು. ಅಹಮದಾಬಾದಿನಲ್ಲಿ ಸ್ಟೆಂಟ್ ಹಾಕಿದ ಯಂತ್ರದ ಕಂಪನಿ ಕೊರಿಂಡಸ್. ಅದನ್ನು ಸೀಮೆನ್ಸ್ ಹೆಲ್ತಿನೀರ್ಸ್ 2019ರಲ್ಲಿ 110 ಕೋಟಿ ಡಾಲರ್ ಕೊಟ್ಟು ಕೊಂಡಿತು. 2023ರಲ್ಲಿ ಹೃದಯದ ರಕ್ತನಾಳಗಳ ರೋಬೋಟ್ ವ್ಯವಹಾರದಿಂದ ಹಿಂದೆ ಸರಿದು ಮೆದುಳಿನ ರಕ್ತನಾಳಗಳ ಕಡೆ ತಿರುಗಿತು. ಕಂಪನಿ ಕೈಬಿಟ್ಟರೆ ಬಿಡಿಭಾಗ, ಸಾಫ್ಟ್‌ವೇರ್, ಸರ್ವಿಸ್ ಎಲ್ಲಕ್ಕೂ ಕುತ್ತು. ದುಬಾರಿ ಯಂತ್ರ ಮೂಲೆ ಸೇರುತ್ತೆ.

ದುಡ್ಡಿನ ಗಂಟು ಇರುವುದು ರೋಬೋಟಿನಲ್ಲಲ್ಲ

ಚರ್ಚೆಯೆಲ್ಲ ರೋಬೋಟಿನ ಬೆಲೆಯ ಸುತ್ತ ನಡೆಯುತ್ತೆ. ಆದರೆ ಪ್ರತಿ ರೋಗಿಗೂ ಬೀಳುವ ಖರ್ಚು ಕ್ಯಾಥೆಟರಿನದು. ಐಸ್ ಕ್ಯಾಥೆಟರನ್ನು ಒಂದು ಸಲ ಬಳಸಿ ಎಸೆಯಬೇಕು ಅನ್ನುವುದು ಕಂಪನಿಗಳ ಲೇಬಲ್. ಅಮೆರಿಕದಲ್ಲೇ ಇದು ದುಬಾರಿ. ಹಾಗಾಗಿ ಅಲ್ಲಿ ಬಳಸಿದ ಕ್ಯಾಥೆಟರನ್ನು ಶುದ್ಧಮಾಡಿ, ಪರೀಕ್ಷಿಸಿ, ಕಡಿಮೆ ಬೆಲೆಗೆ ಮತ್ತೆ ಮಾರುವ ಕಂಪನಿಗಳಿವೆ. ಅದಕ್ಕೆ ಎಫ್‌ಡಿಎ ಅನುಮತಿಯೂ ಇದೆ.

ಇದು ಕೋರ್ಟಿಗೂ ಹೋಯಿತು. ಮತ್ತೆ ಸಿದ್ಧಪಡಿಸಿದ ಕ್ಯಾಥೆಟರ್ ಬಳಸುವ ಆಸ್ಪತ್ರೆಗಳಿಗೆ ಜಾನ್ಸನ್ ಅಂಡ್ ಜಾನ್ಸನ್‌ನ ಬಯೋಸೆನ್ಸ್ ವೆಬ್‌ಸ್ಟರ್ ಘಟಕ ಹೃದಯದೊಳಗಿನ ಸಿಗ್ನಲ್‌ಗಳ ನಕ್ಷೆ ತೆಗೆಯುವ ತನ್ನ ಮ್ಯಾಪಿಂಗ್ ಯಂತ್ರದ ತಾಂತ್ರಿಕ ಸಿಬ್ಬಂದಿಯ ನೆರವು ಕೊಡಲಿಲ್ಲ ಅಂತ ಇನೋವೇಟಿವ್ ಹೆಲ್ತ್ ಕಂಪನಿ ಮೊಕದ್ದಮೆ ಹೂಡಿತ್ತು. ಜಗಳದಲ್ಲಿದ್ದ ಕ್ಯಾಥೆಟರುಗಳಲ್ಲಿ ಸೌಂಡ್‌ಸ್ಟಾರ್ ಅನ್ನುವ ಐಸ್ ಕ್ಯಾಥೆಟರೂ ಒಂದು. 2025ರ ಮೇ ತಿಂಗಳಲ್ಲಿ ಕ್ಯಾಲಿಫೋರ್ನಿಯಾದ ಜ್ಯೂರಿ 14.7 ಕೋಟಿ ಡಾಲರ್ ನಷ್ಟ ಪರಿಹಾರ ಅಂತ ತೀರ್ಪು ಕೊಟ್ಟಿತು. ಪೈಪೋಟಿ ತಡೆದ ಪ್ರಕರಣಗಳಲ್ಲಿ ಅಲ್ಲಿನ ಕಾನೂನಿನ ಪ್ರಕಾರ ಅದು ಮೂರು ಪಟ್ಟಾಗುತ್ತದೆ.

ಇದಕ್ಕೂ ರೋಬೋಟಿಗೂ ಏನು ನಂಟು? ರೋಬೋಟ್ ಒಂದು ಕಂಪನಿಯ ಕ್ಯಾಥೆಟರನ್ನು ಮಾತ್ರ ಹಿಡಿಯುವಂತೆ ಮಾಡಿದರೆ ಆಸ್ಪತ್ರೆ ಆ ಕಂಪನಿಗೇ ಕಟ್ಟುಬೀಳುತ್ತೆ. ಮರುಬಳಕೆಯ ಕ್ಯಾಥೆಟರನ್ನು ಸಾಫ್ಟ್‌ವೇರ್ 'ಒಪ್ಪುವುದಿಲ್ಲ' ಅಂದರೆ ಮುಗಿಯಿತು. ಯಾವ ಕಂಪನಿಯ ಹಿಡಿಯನ್ನಾದರೂ ಹಿಡಿಯುವ ರೋಬೋಟ್ ಬಂದರೆ ಪೈಪೋಟಿ ಉಳಿಯುತ್ತೆ. ಹಾರ್ವರ್ಡ್ ತಂಡ ಮಾಮೂಲಿ ಕ್ಯಾಥೆಟರನ್ನೇ ಬಳಸಿದ್ದಕ್ಕೆ ಬೆಲೆ ಇರುವುದು ಇಲ್ಲಿ.

ತಪ್ಪಾದರೆ ಯಾರ ಹೊಣೆ?

ವೈದ್ಯಕೀಯ ರೋಬೋಟುಗಳ ಸ್ವಾಯತ್ತತೆಯನ್ನು ಸೊನ್ನೆಯಿಂದ ಐದರವರೆಗೆ ಅಳೆಯುವ ಪಟ್ಟಿಯೊಂದು 2017ರಿಂದ ಬಳಕೆಯಲ್ಲಿದೆ. ಜಾಯ್‌ಸ್ಟಿಕ್‌ನಿಂದ ಓಡಿಸುವ ಯಂತ್ರ ಪಟ್ಟಿಯ ತಳದಲ್ಲಿ. ಹೇಳಿದ ನೋಟಕ್ಕೆ ತಾನೇ ಹೋಗುವ ಯಂತ್ರ ಸುಮಾರು ಎರಡನೇ ಮೆಟ್ಟಿಲು. ಸುದ್ದಿಗಳಲ್ಲಿ ಬರುವ 'ತಾನೇ ಆಪರೇಷನ್ ಮಾಡುವ ರೋಬೋಟ್' ಐದನೆಯದು. ಅದರ ಹತ್ತಿರವೂ ಯಾರೂ ಇಲ್ಲ.

ಎರಡನೇ ಮೆಟ್ಟಿಲಿನಲ್ಲೇ ಒಂದು ಸೂಕ್ಷ್ಮ ಇದೆ. ಯಂತ್ರ ತಪ್ಪು ಚಿತ್ರ ತೋರಿಸಿ "ಇದೇ ನೀವು ಕೇಳಿದ್ದು" ಅಂದರೆ, ಡಾಕ್ಟರು ಅದನ್ನು ನಂಬಿ, ಎಡ ಮೇಲ್ಕೋಣೆಗೆ ದಾರಿ ಮಾಡಲು ಕೋಣೆಗಳ ನಡುವಿನ ಗೋಡೆಗೆ ಸೂಜಿ ಚುಚ್ಚಿದರೆ? ಗಾಯ ಮಾಡಿದ್ದು ಡಾಕ್ಟರ ಕೈ, ದಾರಿ ತಪ್ಪಿಸಿದ್ದು ಚಿತ್ರ. ಭಾರತದಲ್ಲಿ ವೈದ್ಯಕೀಯ ಸೇವೆ ಗ್ರಾಹಕ ಕಾನೂನಿನ ಕೆಳಗೆ ಬರುತ್ತದೆ ಅಂತ ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. 2019ರ ಗ್ರಾಹಕ ರಕ್ಷಣಾ ಕಾಯ್ದೆ ದೋಷವಿರುವ ಉತ್ಪನ್ನಕ್ಕೆ ತಯಾರಕರನ್ನೂ ಹೊಣೆ ಮಾಡುತ್ತದೆ. ಎರಡೂ ಬಾಗಿಲು ತೆರೆದಿವೆ. ಆದರೆ ಯಂತ್ರ ಆ ಕ್ಷಣ ಏನು ತೋರಿಸಿತ್ತು ಅನ್ನುವ ದಾಖಲೆ ಕಂಪನಿಯ ಬಳಿ ಇದ್ದರೆ, ರೋಗಿ ಅದನ್ನು ಪಡೆಯುವುದು ಸುಲಭವಲ್ಲ. ಚಿತ್ರ, ಆಜ್ಞೆ, ಚಲನೆ ಮೂರನ್ನೂ ಆಸ್ಪತ್ರೆಯೇ ಉಳಿಸಿಕೊಳ್ಳಬೇಕು ಅನ್ನುವ ನಿಯಮ ಮೊದಲು ಬರಬೇಕು.

ನಮ್ಮ ಕಡೆ ಏನು ಬದಲಾಗಬಹುದು?

ಕರ್ನಾಟಕದಲ್ಲಿ ದೂರದಿಂದ ಹೃದಯ ನೋಡುವ ಕೆಲಸ ಒಂದು ರೂಪದಲ್ಲಿ ಆಗಲೇ ಇದೆ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯ ಇಸಿಜಿ ಜಯದೇವದಂಥ ದೊಡ್ಡ ಆಸ್ಪತ್ರೆಗೆ ಹೋಗುತ್ತದೆ, ತಜ್ಞರು ನೋಡಿ ಹೇಳುತ್ತಾರೆ, ಹೆಪ್ಪು ಕರಗಿಸುವ ಇಂಜೆಕ್ಷನ್ ಅಲ್ಲೇ ಕೊಡುತ್ತಾರೆ. ರೋಬೋಟ್ ಐಸ್ ಬಂದರೆ ಇದೇ ಥರ ತಾಲ್ಲೂಕಿನಲ್ಲಿ ಅಬ್ಲೇಷನ್ ಆಗುತ್ತೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಇಸಿಜಿ ಒಂದು ಫೈಲು, ಅದು ಪ್ರಯಾಣ ಮಾಡುತ್ತೆ. ಕ್ಯಾಥೆಟರನ್ನು ರಕ್ತನಾಳಕ್ಕೆ ಹಾಕುವವರು, ರಕ್ತ ಸೋರಿದರೆ ಕೂಡಲೇ ಹೊರತೆಗೆಯುವವರು ಮಂಚದ ಪಕ್ಕದಲ್ಲೇ ಇರಬೇಕು. ಅಹಮದಾಬಾದಿನ ಪ್ರಯೋಗದಲ್ಲೂ ಡಾ. ಪಟೇಲ್ ದೂರದಲ್ಲಿದ್ದರು, ರೋಗಿಯ ಪಕ್ಕ ಪೂರ್ತಿ ತಂಡ ಇತ್ತು.

ಆಗಬಹುದಾದದ್ದು ಬೇರೆ. ಮೈಸೂರು ಅಥವಾ ಕಲಬುರಗಿಯ ಜಯದೇವದಲ್ಲಿ ಕೇಸು ನಡೆಯುವಾಗ, ಬೆಂಗಳೂರಿನ ಎಕೋ ತಜ್ಞರು ಅಲ್ಲಿಂದಲೇ ನೋಟವನ್ನು ತಿರುಗಿಸಿ ಕೊಡುವುದು. ಚಿಕಿತ್ಸೆಯ ಕೈ ಇಲ್ಲೇ, ನೋಡುವ ಕಣ್ಣಿಗೆ ದೂರದ ನೆರವು. ಇದು ಆಗುವಂಥದ್ದು.

ಇನ್ನೊಂದು ಕಡೆ, ಐಸ್ ಇಲ್ಲದೆಯೂ ನಮ್ಮವರು ಕೆಲಸ ಮಾಡಿದ್ದಾರೆ ಅನ್ನುವುದೂ ನಿಜ. ರುಮ್ಯಾಟಿಕ್ ಜ್ವರದಿಂದ ಮೈಟ್ರಲ್ ಕವಾಟ ಕಟ್ಟಿಕೊಂಡ ಸಾವಿರಾರು ಜನರಿಗೆ ಜಯದೇವದಲ್ಲಿ ಬಲೂನಿನಿಂದ ಕವಾಟ ಬಿಡಿಸಿದ್ದಾರೆ. ಅದಕ್ಕೂ ಎರಡು ಮೇಲ್ಕೋಣೆಗಳ ನಡುವಿನ ಗೋಡೆಗೆ ಸೂಜಿ ಚುಚ್ಚಲೇಬೇಕು. ಎಕ್ಸ್-ರೇ, ಎದೆಯ ಮೇಲಿಂದ ಮಾಡುವ ಎಕೋ, ಪಳಗಿದ ಕೈ, ಇಷ್ಟರಲ್ಲೇ ಆ ಕೆಲಸ ನಡೆದಿದೆ. ಇಂಥ ಆಸ್ಪತ್ರೆಗೆ ರೋಬೋಟ್ ಮಾರಲು ಬರುವವರು ಈ ಕೈಗಳಿಗಿಂತ ಎಷ್ಟು ಒಳ್ಳೆಯದು ಅನ್ನುವುದನ್ನು ತೋರಿಸಬೇಕಾಗುತ್ತೆ, ಕೈಗೇ ಬರದವರಿಗಿಂತ ಎಷ್ಟು ಒಳ್ಳೆಯದು ಅನ್ನುವುದನ್ನಲ್ಲ.

ಕೊನೆಗೆ ಲೆಕ್ಕ ಪ್ಯಾಕೇಜಿಗೆ ಬಂದು ನಿಲ್ಲುತ್ತೆ. 2017ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಸ್ಟೆಂಟ್ ಬೆಲೆಗೆ ಮಿತಿ ಹಾಕಿತು. ಔಷಧ ಲೇಪಿತ ಸ್ಟೆಂಟಿಗೆ ಆಗ ಇಟ್ಟ ಮಿತಿ 29,600 ರೂಪಾಯಿ. ಐಸ್ ಕ್ಯಾಥೆಟರಿಗೆ ಅಂಥ ಮಿತಿ ಬಂದಿಲ್ಲ. ಸರ್ಕಾರಿ ವಿಮಾ ಯೋಜನೆಗಳಲ್ಲಿ ಆಸ್ಪತ್ರೆಗೆ ಸಿಗುವುದು ಚಿಕಿತ್ಸೆಗೊಂದು ನಿಗದಿತ ಮೊತ್ತ, ಕ್ಯಾಥೆಟರ್ ಖರ್ಚು ಅದರೊಳಗೇ ಹೊಂದಬೇಕು. ಅದು ಹೊಂದದ ತನಕ ಐಸ್ ಬಳಕೆ ದೊಡ್ಡ ಊರುಗಳ ಖಾಸಗಿ ಆಸ್ಪತ್ರೆಗಳಲ್ಲೇ ಜಾಸ್ತಿ ಇರುತ್ತೆ. ಅದನ್ನು ಹಿಡಿಯುವ ರೋಬೋಟ್ ಭಾರತಕ್ಕೆ ಬಂದರೆ ಮೊದಲು ಇಳಿಯುವುದೂ ಅಲ್ಲೇ.